ಮೇ ತಿಂಗಳವರೆಗೆ ಹೊಸ ಹಾಡು ಬೇಡ

ಕಾಪು
ನವೆಂಬರ್ 9, 2025

ಪ್ರೀತಿಯ ಸುಕೇಶ್ ಅವರಿಗೆ,

ನಮಸ್ಕಾರ. ಇಲ್ಲಿ ಎಲ್ಲರೂ ಕ್ಷೇಮ. ನೀವು ಸ್ಟೇಜ್ ಪ್ರೋಗ್ರಾಮಿಗೆಂದು ದುಬೈಗೆ ಹೋಗಿ ತಿಂಗಳಾಗುತ್ತಾ ಬಂತು. ಬರೆಯುತ್ತೇನೆ, ಬರೆಯುತ್ತೇನೆ ಎಂದುಕೊಂಡೇ ತಡವಾಯಿತು, ಬೇಜಾರು ಮಾಡಬೇಡಿ. ದಿನಾ ವಿಡಿಯೋ ಕಾಲ್ ಮಾಡುವ ಗಂಡನಿಗೆ ಕಾಗದ ಯಾಕೆ ಎಂದು ನಗುತ್ತೀರಿ. ನಗಿ. ಕಾಲ್‌ನಲ್ಲಿ ನಾನು ಎರಡು ಮಾತು ಆಡುವುದರೊಳಗೆ ನಿಮ್ಮ ಬೆರಳು ಮೇಜಿನ ಮೇಲೆ ತಾಳ ಹಾಕಲು ಶುರುಮಾಡುತ್ತದೆ. ಪಕ್ಕದ ಮನೆಯ ಕರುಣಾಕರಣ್ಣ ನಾಳೆ ಅಲ್ಲಿಗೆ ಹೊರಡುತ್ತಾರೆ. ಹಲಸಿನ ಹಪ್ಪಳ, ಒಣಸಿಗಡಿ ಚಟ್ನಿಯ ಜೊತೆ ಇದನ್ನೂ ಅವರ ಕೈಯಲ್ಲಿ ಕೊಡುತ್ತಿದ್ದೇನೆ.

ಮೊದಲು ವಿಷಯ ಹೇಳಿಬಿಡುತ್ತೇನೆ. ಬರುವ ಮೇ ತಿಂಗಳವರೆಗೆ ನೀವು ಒಂದೂ ಹೊಸ ಹಾಡು ಬಿಡಬಾರದು. ಸ್ಟೇಜಿನಲ್ಲಿ ಹಳೆಯದನ್ನು ಎಷ್ಟು ಬೇಕಾದರೂ ಹಾಡಿ, ಯಾರು ಬೇಡ ಎಂದರು? ಹೊಸತು ಬೇಡ. ಅದರಲ್ಲೂ ಆ ತೊಟ್ಟಿಲ ಹಾಡಿನ ಎರಡನೇ ಭಾಗ ಬೇಡವೇ ಬೇಡ. ಯಾಕೆ ಮೇ ಎಂದು ಫೋನ್ ಮಾಡಿ ಕೇಳಬೇಡಿ, ಇದನ್ನು ಕೊನೆಯವರೆಗೆ ಓದಿ.

ಗುರುವಾರ ನಿಮ್ಮ ಮ್ಯಾನೇಜರ್ ಟ್ರೆವರ್ ಮನೆಗೆ ಬಂದಿದ್ದ. ಚಾ ಕುಡಿಯುವ ಮೊದಲೇ ಶುರು. "ಅಕ್ಕಾ, ಮೂರು ವಾರಕ್ಕೊಂದು ಹಾಡು ಬಾರದಿದ್ದರೆ ಜನ ಮರೆತುಬಿಡ್ತಾರೆ. ಜನ ಹೋಗಲಿ, ಆ್ಯಪೇ ಮರೆತುಬಿಡ್ತದೆ. ಈ ತಿಂಗಳದ್ದು ಇನ್ನೂ ಆಗಲಿಲ್ಲ. ಮನೆಯಲ್ಲಿ ಹೊಸತು ಎಂತ ಉಂಟು ಹೇಳಿ, ಒಂದು ಲೈನ್ ಸಿಕ್ಕಿದರೆ ಸಾಕು."

"ಹೊಸತು ಎಂತದು ಮಾರಾಯ? ಮಿಕ್ಸಿಯ ಜಾರ್ ಒಡೆದಿದೆ" ಎಂದೆ. ಆ ಪುಣ್ಯಾತ್ಮ ಅದನ್ನೂ ಮೊಬೈಲಿನಲ್ಲಿ ಬರೆದುಕೊಂಡ!

ಸಾಕಾಗಿ ಹೋಗಿದೆ ಮಾರಾಯ್ರೇ. ನಮ್ಮ ಮನೆಯಲ್ಲಿ ಒಂದು ಮಾತು ಮಾತಾಗಿ ಉಳಿಯುವುದಿಲ್ಲ. ನನ್ನ ಬಂಗುಡೆ ಸಾರು ತಳ ಹಿಡಿದದ್ದು ಹಾಡಾಯಿತು. ಈಗ ಮೀನಿನ ಮಾರ್ಕೆಟಿನಲ್ಲಿ ಮೀನು ಕೊಡುವ ಹೆಂಗಸು "ಬೆಂಕಿ ಸಣ್ಣ ಮಾಡಿ ಆಯ್ತಾ ಭವ್ಯಕ್ಕ" ಎಂದು ಅದೇ ರಾಗದಲ್ಲಿ ಹೇಳುತ್ತಾಳೆ. ಅಜೆಕಾರಿನಿಂದ ನನ್ನ ಅಪ್ಪನನ್ನು ಮಂಡಿಯ ಆಪರೇಷನ್ನಿಗೆ ಮಣಿಪಾಲಕ್ಕೆ ಕರೆತಂದಾಗ ಎಂತ ಮಾಡಿದಿರಿ? ಟೋಕನ್ ಮಿಶಿನ್ನಿನ ಸದ್ದು ರೆಕಾರ್ಡ್ ಮಾಡಿಕೊಂಡು, "ಬೀಟ್ ಒಳ್ಳೆಯದುಂಟು" ಎಂದಿರಿ. ಅಪ್ಪ ಸ್ಟ್ರೆಚರಿನ ಮೇಲಿಂದ ನಿಮ್ಮನ್ನೇ ನೋಡುತ್ತಿದ್ದರು.

ಇಷ್ಟೆಲ್ಲ ಮಾಡಿ ಜನ ನೆನಪಿಟ್ಟುಕೊಂಡರಾ? ಕಳೆದ ವಾರ ಕಾರ್ಕಳದಲ್ಲಿ ನನ್ನ ಚಿಕ್ಕಮ್ಮನ ಮಗಳು ಮೋಕ್ಷಾಳ ಮೆಹೆಂದಿಗೆ ಹೋಗಿದ್ದೆ. ಡಿಜೆಯವನು ನಿಮ್ಮ ಅಕ್ಟೋಬರ್ ಹಾಡು ಹಾಕಿದ. ಕುಣಿಯುತ್ತಿದ್ದವರೆಲ್ಲ ಊಟಕ್ಕೆ ಹೋದರು. ಮೋಕ್ಷಾ ಹತ್ತಿರ ಬಂದು, "ಅಕ್ಕಾ, ಇದು ಭಾವನದ್ದಾ? ಗೊತ್ತೇ ಆಗಲಿಲ್ಲ" ಎಂದಳು. ನನಗೆ ಮುಖ ಎಲ್ಲಿಡುವುದೆಂದು ತಿಳಿಯಲಿಲ್ಲ. ಆಮೇಲೆ ನಮ್ಮ ಮದುವೆಯ ವರ್ಷದ ಆ ಮಲ್ಲಿಗೆ ಹಾಡು ಹಾಕಿದ್ದೇ ತಡ, ತಟ್ಟೆ ಹಿಡಿದುಕೊಂಡೇ ಎಲ್ಲರೂ ಓಡಿಬಂದರು! ಅದನ್ನು ಮಾಡಲು ನಿಮಗೆ ಇಡೀ ವರ್ಷ ಹಿಡಿದಿತ್ತು. ಶಂಕರಪುರದಲ್ಲಿ ಹೂ ಕಟ್ಟುವವರ ಜಗಲಿಯಲ್ಲಿ ಕೂತು ಪದ ಹುಡುಕಿದ್ದಿರಿ. ಆ ವರ್ಷ ಯಾರು ನಿಮ್ಮನ್ನು ಮರೆತರು? ಉಡುಪಿ ಬಸ್ಸಿನ ಕಂಡಕ್ಟರ್ ಸಹ "ಮುಂದಿನದು ಯಾವಾಗ?" ಎಂದು ನನ್ನನ್ನು ಕೇಳುತ್ತಿದ್ದ. ಈಗ ಯಾರೂ ಕೇಳುವುದಿಲ್ಲ. ಕೇಳುವುದರೊಳಗೆ ಬಂದುಬಿಟ್ಟಿರುತ್ತದೆ.

ಮೊನ್ನೆ ಅಂಬಲಪಾಡಿಯಲ್ಲಿ ನನ್ನ ಗೆಳತಿಯ ಮಗುವಿಗೆ ತೊಟ್ಟಿಲು ಹಾಕಿದರು. ಮೈಕಿನಲ್ಲಿ ನಿಮ್ಮ ತೊಟ್ಟಿಲ ಹಾಡು ಬಂತು. ಪಕ್ಕದಲ್ಲಿದ್ದ ಯಾರೋ, "ನಿಮ್ಮ ಯಜಮಾನ್ರದ್ದಲ್ವಾ? ಎಷ್ಟು ಚಂದ" ಎಂದರು. ಹೌದು ಎಂದೆ. ತಲೆನೋವು ಎಂದು ಹೇಳಿ ಊಟಕ್ಕೆ ನಿಲ್ಲದೆ ಬಸ್ಸು ಹತ್ತಿದೆ.

ನಿಮ್ಮ ಮೇಲೆ ಕೋಪ ಉಂಟು, ಪ್ರೀತಿಯೂ ಉಂಟು. ಪೋಸ್ಟರಿನಲ್ಲಿ ತುಳು ಪಾಪ್ ಸ್ಟಾರ್ ಎಂದು ಹಾಕಿದ್ದನ್ನು ನೋಡಿ ಮೊದಲು ಕುಣಿದವಳು ನಾನೇ ಅಲ್ವಾ? ಆದರೆ ಜನ ಮರೆಯುತ್ತಾರೆ ಎಂದು ಹೆದರಿ ಹೆದರಿ ನೀವು ಮನೆಯವರನ್ನು ಮರೆತಿರಿ. ಅದನ್ನು ಯಾರಾದರೂ ಹೇಳಬೇಕಲ್ಲ.

ಅತ್ತೆ ಪಕ್ಕದಲ್ಲೇ ಕೂತು ಹಪ್ಪಳ ಕಟ್ಟುತ್ತಿದ್ದಾರೆ. "ನನ್ನ ಮಗನಿಗೆ ದೇವರು ಒಳ್ಳೆಯ ಬುದ್ಧಿಯನ್ನೂ ಆರೋಗ್ಯವನ್ನೂ ಕೊಡಲಿ, ಬುದ್ಧಿ ಮೊದಲು ಕೊಡಲಿ ಎಂದು ಬರೆ" ಎಂದರು. ಬರೆದಿದ್ದೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ನಿಮ್ಮ
ಭವ್ಯಶ್ರೀ

ತಾ.ಕ.: ಇಷ್ಟನ್ನು ಬಾಗಿಲು ಹಾಕಿಕೊಂಡು ಓದಿ. ಎರಡು ವರ್ಷದ ಹಿಂದೆ ನಿಮಗೂ ಅತ್ತೆಗೂ ಮಾತ್ರ ಹೇಳಿದ್ದೆ. ಐದು ತಿಂಗಳು ತುಂಬದೆ ಹೊರಗೆ ಹೇಳಬಾರದು ಎಂದು ಅತ್ತೆ ಎಷ್ಟು ಹೇಳಿದ್ದರು! ನೀವು ಯಾರಿಗೂ ಹೇಳಲಿಲ್ಲ, ಹಾಡಿದಿರಿ. ಶುಕ್ರವಾರಕ್ಕೆ ಒಂದು ಹಾಡು ಬೇಕಿತ್ತಲ್ಲ. ಊರೆಲ್ಲ ನನಗೆ ಶುಭಾಶಯ ಹೇಳಿತು. ಮರುವಾರ ಮಗು ಹೋಯಿತು. ಆಸ್ಪತ್ರೆಯಿಂದ ಬರುವಾಗ ರಿಕ್ಷಾದಲ್ಲಿ ಅದೇ ಹಾಡು. ನಿಮ್ಮ ಗುರುತು ಸಿಕ್ಕಿ, ಪಾಪ, ಆ ರಿಕ್ಷಾದವರು ಖುಷಿಯಿಂದ ವಾಲ್ಯೂಮ್ ಜಾಸ್ತಿ ಮಾಡಿದರು. ನೀವು ಕಡಿಮೆ ಮಾಡಿ ಎನ್ನಲಿಲ್ಲ. ಮನೆಗೆ ಬಂದು, ಅದನ್ನು ತೆಗೆದುಬಿಡಿ ಎಂದು ನಾನು ಅಳುತ್ತಾ ಕೇಳಿದೆ. "ಈಗ ವ್ಯೂಸ್ ಏರ್ತಾ ಉಂಟು ಭವ್ಯಾ, ಎರಡು ವಾರ ಬಿಟ್ಟು ತೆಗೆಯುವ" ಎಂದಿರಿ. ಇನ್ನೂ ತೆಗೆದಿಲ್ಲ.

ಈಗ ಮತ್ತೆ ಮೂರನೇ ತಿಂಗಳು. ಮೇಯಲ್ಲಿ ಎಂದು ಡಾಕ್ಟರ್ ಹೇಳಿದ್ದಾರೆ. ಸ್ವಂತ ಗಂಡನಿಗೆ ಹೇಳಲು ಹೆದರಿ ಇಷ್ಟು ದಿನ ಸುಮ್ಮನಿದ್ದೆ. ಟ್ರೆವರ್ ಫೋನ್ ಮಾಡಿ ಕೇಳಿದರೆ, ಮನೆಯಲ್ಲಿ ಹೊಸತು ಎಂತದೂ ಇಲ್ಲ ಎನ್ನಿ.