ಕುಡಿತ ಬಿಡಿಸುವ ಆಸ್ಪತ್ರೆ ಎಲ್ಲಿದೆ, ಹೇಳಿ

ಆರೋಗ್ಯ ಇಲಾಖೆಯ ಹಿರಿಯ ಅಧಿಕಾರಿಗಳೇ,

ಮದ್ಯನಿಷೇಧ ಬಂದ ಮೇಲೆ ಆಂಧ್ರದಲ್ಲಿ ಕುಡುಕರೇ ಉಳಿದಿಲ್ಲವೆಂದು ನಿಮ್ಮ ಇಲಾಖೆ ನಂಬಿರುವಂತಿದೆ. ಅಂಗಡಿಗಳಿಗೆ ಬೀಗ ಬಿತ್ತು, ಸಂತೋಷ. ವರ್ಷಗಟ್ಟಲೆ ಕುಡಿದ ದೇಹಕ್ಕೂ ಬೀಗ ಹಾಕಬಹುದೇ? ವಿಜಯವಾಡದಲ್ಲಿ ಕುಡಿತಕ್ಕೆ ಚಿಕಿತ್ಸೆ ಎಲ್ಲಿ ಸಿಗುತ್ತದೆಂದು ನಿಮ್ಮ ಕಚೇರಿಯಲ್ಲಿ ಕೇಳಿದೆ. "ವಿಶಾಖಪಟ್ಟಣಕ್ಕೆ ಹೋಗಮ್ಮಾ" ಎಂದರು. ವಿಶಾಖಪಟ್ಟಣದಲ್ಲಿ ಎಲ್ಲಿ? "ಅಲ್ಲಿ ಇಳಿದು ಯಾರನ್ನಾದ್ರೂ ಕೇಳು." ತೆಲುಗಿನಲ್ಲಿ ಬರೆದ ಅರ್ಜಿಗೂ ಉತ್ತರ ಬಾರದ್ದರಿಂದ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ ಎಲ್ಲರೆದುರು ಕೇಳುತ್ತಿದ್ದೇನೆ.

ನನ್ನ ಸೋದರಮಾವ ಈಶ್ವರಯ್ಯನವರು ಒನ್ ಟೌನಿನ ಸಗಟು ಬಟ್ಟೆ ಅಂಗಡಿಯಲ್ಲಿ ಗುಮಾಸ್ತರು. ನಿಷೇಧದ ನಂತರ ಕಳ್ಳಸಾರಾಯಿಗೆ ಇಳಿದರು. ಕುಡಿತ ಬಿಡಿಸುವ ಆಸ್ಪತ್ರೆ ಸಿಗದೆ ನಾವು ಇಲ್ಲಿನವರು ಮಾಡುವುದನ್ನೇ ಮಾಡಿದೆವು: ದುರ್ಗಮ್ಮನ ಗುಡಿಯಲ್ಲಿ ಭವಾನಿ ಮಾಲೆ ಹಾಕಿಸಿದೆವು. ಕೆಂಪು ಬಟ್ಟೆ, ತಣ್ಣೀರು ಸ್ನಾನ, ದೀಕ್ಷೆ ಮುಗಿಯುವವರೆಗೆ ಒಂದು ಹನಿಯೂ ಇಲ್ಲ. ಹಾಕಿಸೋಣವೆಂದವಳು ನಾನೇ. ಎರಡು ದಿನ ಕಳೆಯುವುದರಲ್ಲಿ ಮಾವನ ಮೈಯೆಲ್ಲ ನಡುಗತೊಡಗಿತು. ಗೋಡೆಯ ಮೇಲೆ ಯಾರೋ ಹತ್ತುತ್ತಿದ್ದಾರೆಂದು ಕೂಗಿದರು. ಪಕ್ಕದ ಮನೆಯ ಲಕ್ಷ್ಮೀಕಾಂತಮ್ಮ ಓಡಿಬಂದು, "ಮೈಮೇಲೆ ಅಮ್ಮವಾರು ಬಂದಿದ್ದಾರೆ, ಹಾರತಿ ತಾರೇ!" ಎಂದರು.

"ಇಷ್ಟು ವರ್ಷ ದಿನಾ ಸಾಯಂಕಾಲ ಬರ್ತಿದ್ದೋಳು ಯಾವ ಅಮ್ಮವಾರು ಮತ್ತೆ?" ಎಂದು ಗೊಣಗುತ್ತಲೇ ಮಾವನ ಹೆಂಡತಿ ಗಿರಿಜತ್ತೆ ಅರಿಶಿನದ ನೀರು ತಂದರು. ಇದು ದೇವಿಯಲ್ಲವೆಂದು ನನಗೆ ಅನುಮಾನವಿತ್ತು. ನಾಲ್ಕು ಜನರೆದುರು ಹೇಳಲು ಸಂಕೋಚ. ಎಲ್ಲರ ಜೊತೆ ಕೈಮುಗಿದು ನಿಂತೆ. ಮಾವ ಬಿದ್ದು, ಸೆಳೆತ ಬಂದ ಮೇಲೆಯೇ ಆಟೋ ತಂದದ್ದು.

ಆಸ್ಪತ್ರೆಯಲ್ಲಿ, ಕುಡಿಯುತ್ತಿದ್ದರೆಂದು ಮೆಲ್ಲಗೆ ಹೇಳಿದೆ. ಡಾಕ್ಟರು ಮಾಲೆ ನೋಡಿ, "ಮಾಲೆ ಹಾಕಿದ ಭವಾನಿಗಳ ಬಗ್ಗೆ ಹಾಗನ್ನಬಾರದಮ್ಮಾ, ತಪ್ಪು" ಎಂದರು. ಗ್ಲೂಕೋಸ್ ಹಾಕಿ, ಉಪವಾಸದ ನಿತ್ರಾಣವೆಂದು ಬರೆದು ಮನೆಗೆ ಕಳಿಸಿದರು. ಮಾವ ಉಳಿದದ್ದು ಅದೃಷ್ಟ. ಬಹುಕಾಲ ಕುಡಿದವರು ಏಕಾಏಕಿ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯವೆಂದು ಆಮೇಲೆ ಬೇರೊಬ್ಬ ವೈದ್ಯರಿಂದ ತಿಳಿಯಿತು. ಕುಡಿತ ಪಾಪವೆಂದು ಬರೆಯಲು ಊರಿನ ಗೋಡೆಗಳೆಲ್ಲ ಸಿಕ್ಕವು. ಈ ಒಂದು ಮಾತಿಗೆ ಗೋಡೆ ಸಿಗಲಿಲ್ಲವೇ? ನನ್ನ ತಪ್ಪನ್ನು ನಿಮ್ಮ ಮೇಲೆ ಹೊರಿಸುತ್ತಿಲ್ಲ. ನಿಮ್ಮ ಪಾಲು ನಿಮಗಿರಲಿ ಎನ್ನುತ್ತಿದ್ದೇನೆ, ಅಷ್ಟೆ.

ಬರುವ ಶುಕ್ರವಾರ ಮಾಲೆ ತೆಗೆಯಬೇಕು. ನಿನ್ನೆ ಮಾವ ಕೇಳಿದರು: "ಪದ್ಮಾ, ಇದನ್ನ ಹಾಕ್ಕೊಂಡೇ ಇರ್ಲಾ? ತೆಗೆದ್ರೆ ನನ್ನನ್ನ ನಾನೇ ನಂಬಲ್ಲಮ್ಮ."

ಶುಕ್ರವಾರದೊಳಗೆ ಒಂದು ಆಸ್ಪತ್ರೆಯ ಹೆಸರು, ವಿಳಾಸ ಪ್ರಕಟಿಸಿ. ಕುಡಿಯುತ್ತೇನೆಂದು ಒಪ್ಪಿಕೊಂಡು ಬಂದವರನ್ನು ಪೊಲೀಸರಿಗೆ ಒಪ್ಪಿಸುವುದಿಲ್ಲವೆಂದೂ ಬರೆಯಿರಿ. ಮಾವನನ್ನು ನಾನೇ ಕರೆದೊಯ್ಯುತ್ತೇನೆ. ಅಲ್ಲಿ ಎಷ್ಟು ಜನ ನಿಂತಿದ್ದರೂ ಗಟ್ಟಿಯಾಗಿ ಹೇಳುತ್ತೇನೆ.

ಇಂತಿ,
ತಡವಾಗಿ ಬಾಯಿ ತೆರೆದ
ಪದ್ಮಾ
ಒನ್ ಟೌನ್, ವಿಜಯವಾಡ