ಕುಡಗೋಲು ಅಲ್ಲೇ ಇರಲಿ

ಹೊಂಬಳ, ಸೋಮವಾರ

ಗದಗಿನ ವಕೀಲರು ತಸ್ಲೀಮ ಅಕ್ಕನವರಿಗೆ ಶಿವಲೀಲಾಳ ನಮಸ್ಕಾರ.

ನನ್ನ ಅಕ್ಷರ ಸೊಟ್ಟ, ತಪ್ಪುಗಳೂ ಇರುತ್ತವೆ, ಬೇಸರ ಮಾಡಿಕೊಳ್ಳಬೇಡಿರಿ. ನಾನು ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವಳು. ಫೋನಿನಲ್ಲಿ ನಿಮ್ಮ ಹತ್ತಿರ ಮಾತು ಹೊರಡುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಕೇಸು ಮುಗಿಯಿತು, ಕೋರ್ಟಿನಲ್ಲಿರುವ ನಿನ್ನ ಕುಡಗೋಲನ್ನು ಬಿಡಿಸಿಕೊಳ್ಳಬಹುದು ಎಂದಿರಿ. ಬೇಡ ಅಕ್ಕಾ, ಅಲ್ಲೇ ಇರಲಿ. ಕಾಗದ ಕಳಿಸಿದರೆ ಸಹಿ ಮಾಡುತ್ತೇನೆ. ಹೊಲದಲ್ಲಿ ನಮ್ಮೂರಿನ ಆ ಗಂಡಸು ನನ್ನ ಕುತ್ತಿಗೆ ಹಿಸುಕಿದಾಗ ಅದು ಕೈಯಲ್ಲಿತ್ತು, ಬೀಸಿದೆ. ನಾನು ಉಳಿದೆ, ಅವನು ಉಳಿಯಲಿಲ್ಲ. ಜೀವ ಉಳಿಸಿಕೊಂಡದ್ದು ತಪ್ಪಲ್ಲ ಎಂದು ಜಡ್ಜ್ ಸಾಹೇಬರು ಹೇಳಿದರು. ನನ್ನ ಕೈಗೆ ಮಾತ್ರ ಅದು ತಿಳಿಯಲಿಲ್ಲ. ಎರಡು ವರ್ಷ ಎಮ್ಮೆಗೆ ಹುಲ್ಲನ್ನು ಕೈಯಿಂದಲೇ ಕಿತ್ತು ಹಾಕಿದೆ, ಬೇರು, ಮಣ್ಣು ಸಮೇತ.

ಮೊನ್ನೆ ಪಕ್ಕದ ಮನೆಯ ಸಿದ್ದಲಿಂಗವ್ವ ಆಯಿ ಬಂದು, "ಅಲ್ಲವಾ ಶಿವಲೀಲಾ, ಆ ಎಮ್ಮಿಗೆ ಇನ್ನೆಷ್ಟ ದಿನಾ ಮಣ್ಣ ತಿನಸ್ತಿ? ಅದೇನ ತಪ್ಪ ಮಾಡೇತಿ?" ಎಂದು ತನ್ನ ಕುಡಗೋಲನ್ನು ನಮ್ಮ ಕಟ್ಟೆಯ ಮೇಲಿಟ್ಟು ಹೋದಳು. ನನಗೆ ನಗು ಬಂತು. ಬಹಳ ದಿನಕ್ಕೆ ನಕ್ಕೆ.

ಈಗ ಊಟ ಸೇರುತ್ತದೆ, ನಿದ್ದೆಯೂ ಬರುತ್ತದೆ. ಅವನ ತಾಯಿ ದಾರಿಯಲ್ಲಿ ಸಿಕ್ಕರೆ ಮಾತ್ರ ತಲೆ ತಗ್ಗಿಸುತ್ತೇನೆ. ಈ ಕಡೆ ಬಂದರೆ ಮನೆಗೆ ಬನ್ನಿರಿ, ಗಟ್ಟಿ ಮೊಸರು ಇದೆ.

ಇಂದು ಬೆಳಿಗ್ಗೆ ಆಯಿಯ ಕುಡಗೋಲಿನಿಂದ ಒಂದು ಹೊರೆ ಹುಲ್ಲು ಕೊಯ್ದೆ. ಮೊದಲ ಹಿಡಿ ಕೊಯ್ದು ಕುಡಗೋಲನ್ನು ಕೆಳಗಿಟ್ಟೆ, ಮತ್ತೆ ಎತ್ತಿಕೊಂಡ ಮೇಲೆ ಹೊರೆ ಆಗುವ ತನಕ ಇಡಲಿಲ್ಲ. ಮುಂದೆ ಹಾಕಿದರೆ ಎಮ್ಮೆ ರೂಢಿಯಂತೆ ಮಣ್ಣು ಉದುರಲೆಂದು ಎರಡು ಸಲ ಝಾಡಿಸಿತು. ಮಣ್ಣಿಲ್ಲವೆಂದು ತಿಳಿದ ಮೇಲೆ ಸುಮ್ಮನೆ ತಿನ್ನತೊಡಗಿತು.

ನಿಮ್ಮ ತಂಗಿಯಂಥವಳು,
ಶಿವಲೀಲಾ