ಕತ್ತಿಯ ಕೆಳಗಿನ ಮಾತು

ಅಪ್ಪಾ,

ನೀನು ತೀರಿಹೋದಮೇಲೆ ಇವತ್ತೇ ಮೊದಲ ಸಲ, ನೀನು ಯಾವಾಗಲೂ ಹೋಗುತ್ತಿದ್ದ ಕ್ಷೌರದಂಗಡಿಗೆ ಹೋಗಿದ್ದೆ. ಬಿರುಕುಬಿಟ್ಟ ಕನ್ನಡಿಯ ಮೇಲೊಂದು ಬೋರ್ಡು: 'ಇಲ್ಲಿ ರಾಜಕೀಯ ಮಾತಾಡಬಾರದು.' ನಾವ್ಯಾರೂ ಕಣ್ಣಾರೆ ಕಾಣದ ಯಾವುದೋ ದೇಶದ ಚುನಾವಣೆಯ ವಿಷಯಕ್ಕೆ ಇಬ್ಬರು ಗಿರಾಕಿಗಳು ಇಲ್ಲಿ ಕೈಕೈ ಮಿಲಾಯಿಸಿದರಂತೆ.

ಪೇಪರಿನಲ್ಲಿ ನಿನಗೆ ಹೇಳಿಮಾಡಿಸಿದಂಥ ಸುದ್ದಿಯಿತ್ತು. ಎಲ್ಲೋ ಒಂದು ಗಿಳಿ ಸೋತ ಪಕ್ಷದ ಘೋಷಣೆ ಕೂಗಿತೆಂದು ಪೊಲೀಸರು ಅದನ್ನು ಪಂಜರ ಸಮೇತ ಠಾಣೆಗೆ ಹೊತ್ತೊಯ್ದರಂತೆ. ಜೋರಾಗಿ ಓದಿದೆ. ಬೆಂಚಿನ ಮೇಲೆ ಕಾಯುತ್ತಿದ್ದವರಲ್ಲಿ ಒಬ್ಬರೂ ನಗಲಿಲ್ಲ. ನಕ್ಕರೆ ಯಾವ ಕಡೆಯವರೆಂದು ಗೊತ್ತಾಗಿಬಿಡುತ್ತದಲ್ಲ!

ನನ್ನ ಸರದಿ ಬಂತು. ನಿನ್ನ ಕ್ಷೌರಿಕ ಗೆಳೆಯ ನನ್ನ ಕೊರಳಿಗೆ ನೊರೆ ಹಚ್ಚಿ, ಕತ್ತಿಯಿಟ್ಟು, ಮೆಲ್ಲಗೆ ಹೇಳಿದರು: "ಇದೇ ಕತ್ತಿ ಕೆಳಗೆ ಕೂತು ನಿಮ್ಮಪ್ಪ ನಮ್ಮ ಪಕ್ಷಾನ ಹಿಗ್ಗಾಮುಗ್ಗಾ ಜಾಲಾಡ್ತಿದ್ರು. ನಾನೇನು ಸುಮ್ನಿರ್ತಿದ್ನಾ? ಆದ್ರೆ ಒಂದು ದಿನಾನೂ ಅವರಿಗೆ ಗಾಯ ಮಾಡ್ಲಿಲ್ಲ. ಆ ಬೋರ್ಡು ಬಿಡಿ, ನೀವಾದ್ರೂ ಒಂದ್ಸಲ ಬೈದು ಹೋಗಿ."

ಕತ್ತಿಯನ್ನು ಎತ್ತಿ ಹಿಡಿದು ಕಾದರು. ಬೆಂಚಿನವರೆಲ್ಲ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದರು.

"ಮೀಸೆ ಸ್ವಲ್ಪ ಸಣ್ಣಗೆ ಮಾಡಿ" ಅಂದೆ, ಅಪ್ಪಾ.